ಸ್ಪಿಟ್‌ಫೈರ್ ಕಿಟ್: ತಪ್ಪು ಕಂಡದ್ದು ಒಂದು ಕಡೆ, ಆದದ್ದು ಇನ್ನೊಂದು ಕಡೆ

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಮೊದಲ ಸಲ 1/72 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 1ಎ (ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ) ಪ್ಲಾಸ್ಟಿಕ್ ಕಿಟ್ ಜೋಡಿಸಿದೆ. ರೆಕ್ಕೆ ಒಡಲಿಗೆ ಸೇರುವಲ್ಲಿ ಬಿರುಕು ಉಳಿಯಿತು. ಪುಟ್ಟಿ ತುಂಬಿ ಉಜ್ಜಿದರೂ ಬಣ್ಣ ಹಚ್ಚಿದ ಮೇಲೆ ಗೆರೆ ಮತ್ತೆ ಎದ್ದಿತು. ಕ್ಯಾನಪಿ (ಪೈಲಟ್ ಕೂರುವ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಅಂಟಿಸಿದ ಮಾರನೇ ದಿನ ಮಂಜು ಕವಿದಂತೆ ಬೆಳ್ಳಗಾಯಿತು. ಡಿಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳ) ಸುತ್ತ ಬೆಳ್ಳಿಯಂಥ ಪೊರೆ ಹೊಳೆಯುತ್ತಿದೆ. ಕೊನೆಗೆ ಸ್ಪ್ರೇ ಕ್ಯಾನ್‌ನಿಂದ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆದರೆ ವಿಮಾನದ ತುಂಬ ಬೂದಿ ಚೆಲ್ಲಿದ ಹಾಗಾಯಿತು. ಅದೇ ಕಿಟ್ ಇನ್ನೊಂದು ತಂದಿದ್ದೇನೆ. ಎಲ್ಲಿ ತಪ್ಪಿದೆ? ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆ ಆಗುವುದಿಲ್ಲವೇ? ಈ ಎರಡನೆಯದಕ್ಕೆ ಭಾರತೀಯ ವಾಯುಪಡೆಯ ಗುರುತು ಹಾಕಬಹುದೇ?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದೂ ಕಣ್ಣಿಗೆ ಬಿದ್ದ ಜಾಗದಲ್ಲಿ ಆದದ್ದಲ್ಲ. ರೆಕ್ಕೆಯ ಬಿರುಕು ಬಹುಪಾಲು ಹುಟ್ಟಿದ್ದು ಕಾಕ್‌ಪಿಟ್ ಜೋಡಿಸುವಾಗ. ಕ್ಯಾನಪಿ ಬೆಳ್ಳಗಾದದ್ದು ಅಂಟಿನ ಆವಿಯಿಂದ. ಡಿಕಾಲ್ ಕೆಟ್ಟದ್ದು ಅದರ ಕೆಳಗಿನ ಬಣ್ಣದಿಂದ. ವಾರ್ನಿಶ್ ಕೆಟ್ಟದ್ದು ಕಿಟಕಿಯಾಚೆಯ ಮಳೆಯಿಂದ. ಹಾಗಾಗಿ ಎರಡನೇ ಕಿಟ್‌ನಲ್ಲಿ ಎಚ್ಚರ ಬೇಕಾದ್ದು ಆಯಾ ಕೆಲಸಕ್ಕಿಂತ ಒಂದೆರಡು ಹೆಜ್ಜೆ ಮುಂಚೆ.

ರೆಕ್ಕೆಯಿಂದಲೇ ಶುರು ಮಾಡೋಣ, ಈ ವಿಮಾನದ ಚೆಲುವೆಲ್ಲ ಅಲ್ಲೇ ಇದೆ. ಅಸಲಿ ಸ್ಪಿಟ್‌ಫೈರ್‌ನ ರೆಕ್ಕೆಯಗಲ 11.23 ಮೀಟರ್, ನಿಮ್ಮ ಮೇಜಿನ ಮೇಲೆ ಅದು ಹದಿನೈದೂವರೆ ಸೆಂಟಿಮೀಟರ್. ಇಷ್ಟು ಚಿಕ್ಕದರಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಟ್ಟರೂ ಕಣ್ಣಿಗೆ ಹೊಡೆಯುತ್ತದೆ. ರೆಕ್ಕೆ ಮತ್ತು ಒಡಲಿನ ನಡುವೆ ಸಂದು ಬೀಳಲು ಎರಡು ಕಾರಣಗಳಿವೆ, ಎರಡಕ್ಕೂ ಮದ್ದು ಬೇರೆ ಬೇರೆ. ಒಂದು, ಒಡಲು ಇರಬೇಕಾದ್ದಕ್ಕಿಂತ ಕಿರಿದಾಗಿರುವುದು. ಇನ್ನೊಂದು, ರೆಕ್ಕೆಯ ತುದಿಗಳು ಸಾಕಷ್ಟು ಮೇಲೆದ್ದಿಲ್ಲದಿರುವುದು. ಸ್ಪಿಟ್‌ಫೈರ್‌ನ ರೆಕ್ಕೆಗಳು ಸುಮಾರು 6 ಡಿಗ್ರಿ ಮೇಲ್ಮುಖವಾಗಿವೆ. ಈ ಅಳತೆಯಲ್ಲಿ ತುದಿಯು ಬುಡಕ್ಕಿಂತ ಹೆಚ್ಚುಕಡಿಮೆ 7 ಮಿ.ಮೀ. ಎತ್ತರದಲ್ಲಿರಬೇಕು. ಕೆಳಗಿನ ರೆಕ್ಕೆ ಒಂದೇ ತುಂಡಾಗಿ ಬರುವ ಕಿಟ್‌ಗಳಲ್ಲಿ ಅದು ಪೆಟ್ಟಿಗೆಯಲ್ಲಿ ಅದುಮಿ ಚಪ್ಪಟೆಯಾಗಿರುವುದುಂಟು. ಹಾಗೇ ಅಂಟಿಸಿದರೆ ಮೇಲಿನ ಎರಡು ಹಲಗೆಗಳೂ ಒಡಲಿನಿಂದ ದೂರ ಸರಿದು ನಿಲ್ಲುತ್ತವೆ.

ಯಾವುದು ಕಾರಣ ಎಂದು ತಿಳಿಯಲು ಅಂಟು ಮುಟ್ಟುವ ಮೊದಲು ಎಲ್ಲವನ್ನೂ ಮಾಸ್ಕಿಂಗ್ ಟೇಪಿನಲ್ಲಿ ಕಟ್ಟಿ ನೋಡಿ. ಒಡಲಿನ ಎರಡು ಹೋಳು, ಒಳಗೆ ಬಣ್ಣ ಹಚ್ಚದ ಕಾಕ್‌ಪಿಟ್, ಕೆಳಗೆ ರೆಕ್ಕೆ. ನಂತರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ, ಒಡಲಿನ ಬೆನ್ನ ಮೇಲಿಂದ ಹಾಯುವಂತೆ, ಉದ್ದ ಟೇಪು ಎಳೆದು ಬಿಗಿಯಿರಿ. ಸಂದು ಮುಚ್ಚಿತೋ, ಕೊರತೆ ಇದ್ದದ್ದು ತುದಿಗಳ ಎತ್ತರದಲ್ಲಿ. ಅಂಟು ಹಾಕಿದ ಮೇಲೂ ಇದೇ ಟೇಪು ಒಂದು ರಾತ್ರಿ ಇರಲಿ. ಮುಚ್ಚದೇ ಉಳಿದರೆ ಒಡಲು ಕಿರಿದಾಗಿದೆ. ಸ್ಪ್ರೂ, ಅಂದರೆ ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಒಂದು ಕಡ್ಡಿಯನ್ನು ಅಳತೆಗೆ ಕತ್ತರಿಸಿ, ಕಾಕ್‌ಪಿಟ್ಟಿನ ಹಿಂದೆ ಎರಡು ಗೋಡೆಗಳ ನಡುವೆ ಅಡ್ಡವಾಗಿ ಸಿಕ್ಕಿಸಿ. ಕೂದಲೆಳೆಯಷ್ಟು ಉದ್ದ ಹೆಚ್ಚಾಗಿಯೇ ಕತ್ತರಿಸಿ, ಆಮೇಲೆ ಉಜ್ಜುತ್ತ ಸರಿಮಾಡಿ.

ಕಾಕ್‌ಪಿಟ್ಟಿನ ಮಾತು ಬಂದದ್ದು ಇದಕ್ಕೇ. ಬಹಳ ಜನ ಒಳಭಾಗಗಳಿಗೆಲ್ಲ ದಪ್ಪಗೆ ಬಣ್ಣ ಹಚ್ಚಿ, ಒಣಗಿದ ಮೇಲೆ ಅಂಟಿಸುತ್ತಾರೆ. ಗೋಡೆಗೂ ಬಣ್ಣ, ಕಾಕ್‌ಪಿಟ್ಟಿನ ತೊಟ್ಟಿಗೂ ಬಣ್ಣ, ಎರಡೂ ಸೇರಿದರೆ ಒಡಲಿನ ಹೋಳುಗಳು ಪೂರ್ತಿ ಮುಚ್ಚುವುದಿಲ್ಲ. ಒತ್ತಿ ಮುಚ್ಚಿದರೆ ಕಾಕ್‌ಪಿಟ್ ಬಳಿ ಉಬ್ಬಿ ಅದರ ಹಿಂದೆ ಕುಗ್ಗುತ್ತದೆ, ಆಗ ರೆಕ್ಕೆ ಕೂರಬೇಕಾದ ತೆರಪೇ ಸೊಟ್ಟಗಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಪ್ಲಾಸ್ಟಿಕ್ ಸಿಮೆಂಟ್ ಮರದ ಅಂಟಿನಂತೆ ಹಿಡಿಯುವುದಿಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡನ್ನು ಒಂದಾಗಿ ಬೆಸೆಯುತ್ತದೆ. ನಡುವೆ ಬಣ್ಣವಿದ್ದರೆ ಬಣ್ಣ ಮಾತ್ರ ಕರಗುತ್ತದೆ, ಬೆಸುಗೆ ಆಗುವುದಿಲ್ಲ. ಆದ್ದರಿಂದ ಅಂಟು ಹಿಡಿಯುವ ಅಂಚುಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದು ಬರಿ ಪ್ಲಾಸ್ಟಿಕ್ ಕಾಣುವಂತೆ ಮಾಡಿ.

ಒಡಲು ಮುಚ್ಚಲು ನೀರಿನಂತೆ ತೆಳುವಾದ ಸಿಮೆಂಟ್ ಒಳ್ಳೆಯದು, ಟಾಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಆ ಬಗೆಯದು. ಹೋಳುಗಳನ್ನು ಕೈಯಲ್ಲಿ ಕೂಡಿಸಿ ಹಿಡಿದು ಕುಂಚದ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು, ದ್ರವ ತಾನಾಗಿ ಸಂದಿನುದ್ದ ಹರಿಯುತ್ತದೆ. ಟೇಪು ಕಟ್ಟಿದ ಜಾಗಕ್ಕೆ ಮಾತ್ರ ಸೋಕಿಸಬೇಡಿ. ಟೇಪಿನಡಿ ನುಗ್ಗಿ ಪ್ಲಾಸ್ಟಿಕ್ಕಿನ ಮೇಲೆ ಚಿತ್ತಾರ ಬರೆದುಬಿಡುತ್ತದೆ. ಹತ್ತು ಹದಿನೈದು ಸೆಕೆಂಡ್ ಬಿಟ್ಟು ಹೋಳುಗಳನ್ನು ಮೆಲ್ಲಗೆ ಅದುಮಿ. ಸಂದಿನ ಉದ್ದಕ್ಕೂ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಂತೆ ಹೊರಗೆ ಉಕ್ಕಬೇಕು. ಅದು ಉಕ್ಕಿದರೆ ಪುಟ್ಟಿಯೇ ಬೇಡ. ಆ ಏರಿಯನ್ನು ಅವತ್ತೇ ಉಜ್ಜಬಾರದು. ಕರಗಿದ ಪ್ಲಾಸ್ಟಿಕ್ ಒಣಗುತ್ತ ಒಂದೆರಡು ದಿನ ಕುಗ್ಗುತ್ತಲೇ ಇರುತ್ತದೆ. ಇವತ್ತು ನುಣ್ಣಗೆ ಉಜ್ಜಿದ ಜಾಗ ನಾಡಿದ್ದಿಗೆ ಹಳ್ಳ ಬೀಳುತ್ತದೆ. ನೀವು ಕಂಡ “ಮತ್ತೆ ಎದ್ದ ಗೆರೆ” ಇದೇ ಇರಬಹುದು, ಇಲ್ಲವೇ ಪುಟ್ಟಿಯದೇ ಕುಗ್ಗುವಿಕೆ. ಟ್ಯೂಬಿನ ಲ್ಯಾಕರ್ ಪುಟ್ಟಿ ದ್ರಾವಕ ಆರಿದಷ್ಟೂ ಇಳಿಯುತ್ತದೆ. ಒಂದೇ ಸಲ ತುಂಬದೆ ಎರಡು ತೆಳು ಪದರ, ನಡುವೆ ಇಪ್ಪತ್ನಾಲ್ಕು ಗಂಟೆ ಎಂದು ಲೆಕ್ಕ ಇಡಿ. 400ರ ಎಮರಿ ಪೇಪರ್ ನೀರಿನಲ್ಲಿ ಅದ್ದಿ ಶುರುಮಾಡಿ 600, 1000ಕ್ಕೆ ಮುಗಿಸಿ.

ರೆಕ್ಕೆಯ ಬುಡದಲ್ಲಿ ಕೂದಲೆಳೆಯ ಸಂದು ಉಳಿದರೆ ಅಲ್ಲಿ ಪುಟ್ಟಿ ಬೇಡವೇ ಬೇಡ. ಉಜ್ಜಲು ಹೋಗಿ ಒಡಲಿನ ಆ ಸುಂದರ ಬಾಗು ಸವೆಯುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟನ್ನು ಟೂತ್‌ಪಿಕ್‌ನಲ್ಲಿ ಸಂದಿಗೆ ತುಂಬಿ, ಒದ್ದೆ ಇಯರ್‌ಬಡ್‌ನಿಂದ ಒಂದೇ ಸಲ ಒರೆಸಿಬಿಡಿ. ಸಂದಿನೊಳಗಿನದು ಉಳಿಯುತ್ತದೆ, ಮೇಲಿನದು ಹೋಗುತ್ತದೆ. ಹಚ್ಚುವ ಪ್ರೈಮರ್ (ಬಣ್ಣದಡಿಯ ತಳ ಕೋಟ್) ಯಾವುದೇ ಇರಲಿ, ಸಂದಿನ ತಪ್ಪು ಕಂಡು ಹಿಂದಿರುಗಲು ಅದೇ ಕೊನೆಯ ನಿಲ್ದಾಣ. ಕಾರು ಬಣ್ಣದ ಅಂಗಡಿಯ ಪ್ರೈಮರ್ ತಂದಿದ್ದರೆ ಮೊದಲು ಖಾಲಿ ಸ್ಪ್ರೂ ಮೇಲೆ ಹೊಡೆದು ನೋಡಿ. ಕೆಲವದರ ದ್ರಾವಕ ಖಾರವಾಗಿದ್ದು ಪ್ಲಾಸ್ಟಿಕ್ಕನ್ನೇ ಸುಕ್ಕುಗಟ್ಟಿಸುತ್ತದೆ.

ಇನ್ನು ಕ್ಯಾನಪಿ. ಮಂಜು ಕವಿದದ್ದು ಸೂಪರ್‌ಗ್ಲೂನಿಂದ, ಅನುಮಾನ ಬೇಡ. ಅದು ಗಟ್ಟಿಯಾಗುವಾಗ ಸ್ವಲ್ಪ ಆವಿಯಾಗಿ ಏಳುತ್ತದೆ. ಆ ಆವಿ ಗಾಳಿಯ ತೇವದೊಂದಿಗೆ ಸೇರಿ ಹತ್ತಿರದ ಮೈಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಬೆರಳ ಗುರುತಿರುವ ಕಡೆ ಇನ್ನೂ ಜಾಸ್ತಿ. ಮುಚ್ಚಿದ ಕಾಕ್‌ಪಿಟ್ ಅಂದರೆ ಆವಿಗೆ ಹೊರದಾರಿಯೇ ಇಲ್ಲ, ಜೊತೆಗೆ ಕರಾವಳಿಯ ತೇವ. ಪಾರದರ್ಶಕ ಭಾಗಕ್ಕೆ ಬಿಳಿ ಅಂಟೇ ಸರಿ. ಒಣಗಿದರೆ ಕಾಣುವುದಿಲ್ಲ, ತಪ್ಪಿದರೆ ನೀರಿನಲ್ಲಿ ಬಿಡಿಸಬಹುದು. ಇನ್ನೊಂದು ಎಚ್ಚರ: ಒಳಗೆ ಸೂಪರ್‌ಗ್ಲೂ ಬಳಸಿ ಏನಾದರೂ ಅಂಟಿಸಿದ್ದರೆ ಎರಡು ದಿನ ತೆರೆದಿಟ್ಟು ಆಮೇಲೆ ಕ್ಯಾನಪಿ ಮುಚ್ಚಿ.

ಅಂಟಿಸುವ ಮುನ್ನ ಕ್ಯಾನಪಿಯನ್ನು ಚಿಮಟದಲ್ಲಿ ಹಿಡಿದು ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್‌ನಲ್ಲಿ ಪೂರ್ತಿ ಅದ್ದಿ ತೆಗೆಯಿರಿ. ಕೆಳಗಿನ ಮೂಲೆಗೆ ಟಿಶ್ಯೂ ತಾಗಿಸಿ ಹೆಚ್ಚಿನದನ್ನು ಹೀರಿಸಿ, ಮೇಲೆ ಲೋಟ ಬೋರಲು ಹಾಕಿ ಒಂದು ದಿನ ಬಿಡಿ. ಸಣ್ಣ ಗೀರುಗಳು ತುಂಬಿಕೊಂಡು ಗಾಜು ತಿಳಿಯಾಗುತ್ತದೆ. ಚೌಕಟ್ಟಿನ ಬಣ್ಣಕ್ಕೆ ಒಂದು ಮಿ.ಮೀ. ಅಗಲದ ಟೇಪಿನ ಪಟ್ಟಿಗಳನ್ನು ಗಾಜಿನ ಅಂಚಿಗೆ ಕೂರಿಸಿ, ಟೂತ್‌ಪಿಕ್‌ನಿಂದ ಅಂಚನ್ನು ಒತ್ತಿ, ನಡುವನ್ನು ಆಮೇಲೆ ತುಂಬಿ. ಮೊದಲ ಕೋಟ್ ಒಳಬಣ್ಣದ್ದು, ಅಂದರೆ ಬೂದು ಮಿಶ್ರಿತ ಹಸಿರು. ಅದರ ಮೇಲೆ ಹೊರಬಣ್ಣ. ಹೊರಗಿನಿಂದ ಇಣುಕಿದಾಗ ಚೌಕಟ್ಟಿನ ಒಳಮೈ ಸರಿಯಾದ ಬಣ್ಣದಲ್ಲೇ ಕಾಣುತ್ತದೆ.

ಏರ್‌ಬ್ರಷ್ ಬೇಕೇ ಎಂದರೆ, ಈ ಕಿಟ್‌ಗೆ ಬೇಕಾಗಿಲ್ಲ. ಎಂಟು ಹತ್ತು ಮಿ.ಮೀ. ಅಗಲದ ಚಪ್ಪಟೆ ಸಿಂಥೆಟಿಕ್ ಕುಂಚ ಸಾಕು. ಡಬ್ಬಿಯಿಂದ ನೇರ ಹಚ್ಚಬೇಡಿ. ತಟ್ಟೆಯ ಮೇಲೆ ತೆಗೆದುಕೊಂಡು, ಹಾಲಿಗಿಂತ ತುಸು ದಪ್ಪ ಇರುವ ಹಾಗೆ ತಿಳಿ ಮಾಡಿ. ಮೊದಲ ಕೋಟ್ ಹರಕು ಹರಕಾಗಿ ಕಾಣುತ್ತದೆ, ಕಾಣಲಿ. ಅದನ್ನು ಸರಿಮಾಡಲು ಅರೆ ಒಣಗಿದ ಬಣ್ಣದ ಮೇಲೆ ಮತ್ತೆ ಕುಂಚ ಆಡಿಸಿದ್ದೇ ತಡ, ಕೆಳಗಿನದು ಕಿತ್ತು ಬಂದು ದಾರೆ ದಾರೆ ಗೆರೆ ನಿಲ್ಲುತ್ತದೆ. ಮೂರು ತೆಳು ಕೋಟ್ ಹಚ್ಚಿ, ಕೊನೆಯದು ಗಾಳಿ ಹರಿಯುವ ದಿಕ್ಕಿನಲ್ಲಿ, ಮೂಗಿನಿಂದ ಬಾಲದ ಕಡೆಗೆ. ಮುಂದೆ ಏರ್‌ಬ್ರಷ್ ಕೊಂಡರೆ 0.3 ಮಿ.ಮೀ. ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ, ಒಂದು ಗೇಣಿಗಿಂತ ಕಡಿಮೆ ದೂರ. ಮನೆಯೊಳಗೆ ಹೊಡೆಯುವುದಾದರೆ ಆವಿ ತಡೆಯುವ ಮಾಸ್ಕ್ ಬೇಕು, ಬಟ್ಟೆಯ ಮಾಸ್ಕ್ ಪ್ರಯೋಜನವಿಲ್ಲ.

ಬಣ್ಣದ ಕ್ರಮ: ಮೊದಲು ಹೊಟ್ಟೆಯ ಸ್ಕೈ, ನಂತರ ಮೇಲೆಲ್ಲ ಡಾರ್ಕ್ ಅರ್ಥ್ ಎಂಬ ಮಣ್ಣಿನ ಕಂದು, ಅದರ ಮೇಲೆ ಡಾರ್ಕ್ ಗ್ರೀನ್ ಪಟ್ಟೆಗಳು. ಸ್ಕೈ ಎಂದ ಕೂಡಲೇ ಆಕಾಶನೀಲಿ ಹಚ್ಚುವವರಿದ್ದಾರೆ. ಅದು ಹಸಿರು ಛಾಯೆಯ ಮಾಸಲು ಬಣ್ಣ. ಪಟ್ಟೆಗಳ ಅಂಚನ್ನು ತುಂಬ ಮಸುಕು ಮಾಡಬೇಡಿ. ಅಸಲಿ ವಿಮಾನದಲ್ಲಿ ಒಂದು ಅಂಗುಲ ಮಸುಕಿದ್ದರೂ 1/72ರಲ್ಲಿ ಅದು 0.35 ಮಿ.ಮೀ. ಅಷ್ಟೇ, ಅಂದರೆ ಕಣ್ಣಿಗೆ ಗಡಸು ಅಂಚೇ. ಕುಂಚದ ಕೆಲಸಕ್ಕೆ ಇದು ಅನುಕೂಲವೂ ಹೌದು. 1940ರ ಬೇಸಿಗೆಯ ವಿಮಾನ ಮಾಡುವುದಾದರೆ ಮೂಗಿನ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಶಂಕುವಿನಾಕಾರದ ಟೋಪಿ) ಕಪ್ಪಾಗಿರಲಿ. ಬಾಲದ ಹತ್ತಿರದ ಸ್ಕೈ ಬಣ್ಣದ ಪಟ್ಟಿಯೂ ಸ್ಕೈ ಸ್ಪಿನ್ನರೂ ಬಂದದ್ದು ಆ ವರ್ಷದ ನವೆಂಬರ್ ಕೊನೆಯಲ್ಲಿ, ಬ್ರಿಟನ್ ಕದನ (ಜರ್ಮನ್ ವಾಯುಪಡೆಯೊಡನೆ ನಡೆದ ಆಕಾಶಯುದ್ಧ) ಮುಗಿದ ಮೇಲೆ. ರೆಕ್ಕೆಯ ಕೆಳಗೂ ನೋಡಿ: ಬಲ ರೆಕ್ಕೆಯಡಿ ಚೌಕದ ರೇಡಿಯೇಟರ್, ಎಡ ರೆಕ್ಕೆಯಡಿ ಸಣ್ಣ ಆಯಿಲ್ ಕೂಲರ್. ತಲೆಕೆಳಗಾಗಿ ಹಿಡಿದು ಅಂಟಿಸುವಾಗ ಇವು ಅದಲು ಬದಲಾಗುವುದು ಬಹಳ ಸಾಮಾನ್ಯ. ಫ್ಲ್ಯಾಪ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಹಲಗೆ) ಇಳಿಸಿ ತೋರಿಸುವ ಭಾಗಗಳು ಕಿಟ್‌ನಲ್ಲಿದ್ದರೂ ಮುಚ್ಚಿಯೇ ಅಂಟಿಸಿ, ನೆಲದ ಮೇಲೆ ನಿಂತ ಸ್ಪಿಟ್‌ಫೈರ್‌ನ ಫ್ಲ್ಯಾಪ್ ಸಾಮಾನ್ಯವಾಗಿ ಮೇಲೇ ಇರುತ್ತಿತ್ತು.

ಡಿಕಾಲ್ ಸುತ್ತಲಿನ ಬೆಳ್ಳಿ ಪೊರೆ ಅಂದರೆ ಅಡಿಯಲ್ಲಿ ಸಿಕ್ಕಿಬಿದ್ದ ಗಾಳಿ. ಮ್ಯಾಟ್ ಬಣ್ಣ ಕಣ್ಣಿಗೆ ಸಪಾಟಾಗಿ ಕಂಡರೂ ಭೂತಗನ್ನಡಿಯಲ್ಲಿ ಎಮರಿ ಪೇಪರಿನ ಹಾಗಿರುತ್ತದೆ. ಡಿಕಾಲ್ ಆ ದಿಬ್ಬಗಳ ತುದಿಯ ಮೇಲೆ ಮಲಗುತ್ತದೆ, ಕೆಳಗಿನ ಹಳ್ಳಗಳಲ್ಲಿ ಗಾಳಿ ಉಳಿಯುತ್ತದೆ, ಬೆಳಕು ಅಲ್ಲಿ ಚೆದುರಿ ಹೊಳೆಯುತ್ತದೆ. ಬಣ್ಣ ಒಣಗಿದ ಮೇಲೆ ಎರಡು ಕೋಟ್ ಅಕ್ರಿಲಿಕ್ ಗ್ಲಾಸ್ ವಾರ್ನಿಶ್ ಹಚ್ಚಿ, ಒಂದು ದಿನ ಬಿಟ್ಟು ಡಿಕಾಲ್‌ಗೆ ಕೈಹಾಕಿ. ಮೈ ಬೆರಳಿಗೆ ಗಾಜಿನಷ್ಟು ನುಣುಪು ಹತ್ತಬೇಕು.

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದು ಹೋಗುತ್ತದೆ. ಡಿಕಾಲ್ ಕೂರುವ ಜಾಗಕ್ಕೆ ಮೈಕ್ರೋ ಸೆಟ್ ಎಂಬ, ಡಿಕಾಲ್ ಕೂರಿಸುವ ದ್ರವ ಹಚ್ಚಿ. ಅದು ಸಿಗದಿದ್ದರೆ ಅಡುಗೆಯ ಬಿಳಿ ವಿನೆಗರ್‌ಗೆ ನೀರು ಬೆರೆಸಿದರೂ ಕೆಲಸ ನಡೆಯುತ್ತದೆ. ಡಿಕಾಲನ್ನು ಜಾರಿಸಿ, ಸ್ಥಳಕ್ಕೆ ತಂದು, ಇಯರ್‌ಬಡ್ ಉರುಳಿಸುತ್ತ ನಡುವಿನಿಂದ ಅಂಚಿಗೆ ನೀರು ಹೊರದೂಡಿ. ಕೂತಿದೆ ಅನ್ನಿಸಿದ ಮೇಲೆ ಡಿಕಾಲ್ ಮೆತ್ತಗಾಗಿಸುವ ಮೈಕ್ರೋ ಸಾಲ್ ದ್ರವವನ್ನು ಮೇಲಿನಿಂದ ತೆಳುವಾಗಿ ಸವರಿ. ಒಂದೆರಡು ನಿಮಿಷದಲ್ಲಿ ಡಿಕಾಲ್ ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯಿತು. ಹಾಗೇ ಬಿಟ್ಟರೆ ಒಣಗುತ್ತ ತಾನೇ ಎಳೆದುಕೊಂಡು ಫಲಕದ ಗೆರೆಗಳೊಳಗೆ ಇಳಿಯುತ್ತದೆ, ಬಣ್ಣ ಬಳಿದದ್ದೋ ಅನ್ನುವ ಹಾಗೆ. ಎಲ್ಲ ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಕಲೆ ಒರೆಸಿ ಇನ್ನೊಂದು ಗ್ಲಾಸ್ ಕೋಟ್ ಕೊಡಿ.

ಆಮೇಲೆ ಬೇಕಿದ್ದರೆ ಗೆರೆಗಳಿಗೆ ಕಡುಕಂದು ಆಯಿಲ್ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳು ಮಾಡಿ ಹರಿಸಿ ಒರೆಸಬಹುದು. ಕಪ್ಪು ಬೇಡ, ಇಷ್ಟು ಚಿಕ್ಕ ಮಾದರಿ ಗ್ರಾಫ್ ಕಾಗದದ ಹಾಗೆ ಕಾಣುತ್ತದೆ. ಇದು ಅಕ್ರಿಲಿಕ್ ಗ್ಲಾಸ್ ಮೇಲೆ ಮಾತ್ರ. ಎನಾಮೆಲ್ ಬಣ್ಣದ ಮೇಲೆ ಮಾಡಿದರೆ ಸ್ಪಿರಿಟ್ ಬಣ್ಣವನ್ನೇ ಎಬ್ಬಿಸುತ್ತದೆ.

ಕೊನೆಗೆ ಬೂದಿ. ಸ್ಪ್ರೇ ಕ್ಯಾನಿನ ದ್ರಾವಕ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮೈಯನ್ನು ತಣ್ಣಗಾಗಿಸುತ್ತದೆ. ಮಳೆಗಾಲದ ಗಾಳಿಯಲ್ಲಿನ ತೇವ ಆ ತಣ್ಣನೆ ಮೈಮೇಲೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಬೆವರು ಕೂರುವ ಹಾಗೆ, ಕೂತು ವಾರ್ನಿಶ್‌ನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಶೇಕಡ 85 ದಾಟುವುದು ಮಾಮೂಲು. ಶೇಕಡ 70ರ ಕೆಳಗಿದ್ದಾಗ ಮಾತ್ರ ಕ್ಯಾನ್ ಒತ್ತಿ, ಸಣ್ಣದೊಂದು ತೇವಮಾಪಕ ಕೊಂಡರೆ ಊಹಿಸುವ ಕಷ್ಟ ಇರುವುದಿಲ್ಲ. ಅಷ್ಟು ಕಾಯಲಾಗದಿದ್ದರೆ ಕುಂಚದಿಂದ ಹಚ್ಚುವ ನೀರಿನ ಆಧಾರದ ಮ್ಯಾಟ್ ವಾರ್ನಿಶ್ ಬಳಸಿ, ಚೆನ್ನಾಗಿ ಕಲಕಿ. ತಳದಲ್ಲಿ ಕೂತ ಮ್ಯಾಟ್ ಪುಡಿ ಸರಿಯಾಗಿ ಬೆರೆಯದಿದ್ದರೂ ಬಿಳಿ ಮಚ್ಚೆ ಬೀಳುತ್ತದೆ.

ಮಳೆಗಾಲದಲ್ಲಿ ಒಣಗಿಸಲು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಒಳಗೆ ತಂತಿ ಉರಿಯುವ ಹಳೇ ಬಗೆಯ 25 ವಾಟ್ ಬಲ್ಬ್ ಇಟ್ಟು ಮುಚ್ಚಳ ಓರೆಯಾಗಿ ಇಡಬಹುದು. ಎಲ್‌ಇಡಿ ಬಲ್ಬಿಗೆ ಸಾಕಷ್ಟು ಬಿಸಿ ಇರುವುದಿಲ್ಲ. ಒಳಗೆ 40 ಡಿಗ್ರಿ ಮೀರದಿರಲಿ, ಬಲ್ಬ್ ವಿಮಾನಕ್ಕೆ ತಾಗದಿರಲಿ. ಲ್ಯಾಕರ್ ಹೊಡೆದ ತಕ್ಷಣ ಮಾತ್ರ ಒಳಗಿಡಲೇಬೇಡಿ, ಆ ಆವಿ ಬೆಂಕಿ ಹಿಡಿಯುವಂಥದ್ದು. ವಾಸನೆ ಪೂರ್ತಿ ಹೋಗುವವರೆಗೆ ಹೊರಗಿರಲಿ.

ಮೊದಲ ವಿಮಾನವನ್ನು ಎಸೆಯಬೇಡಿ, ಅರ್ಧಕ್ಕಿಂತ ಹೆಚ್ಚು ಉಳಿಸಬಹುದು. ಒಣ ಹವೆಯ ದಿನ ಬೂದಿಯ ಮೇಲೆ ಗ್ಲಾಸ್ ವಾರ್ನಿಶ್ ತೆಳುವಾಗಿ ಕೊಡಿ. ಒರಟು ಮೈ ತುಂಬಿಕೊಂಡು ಬಿಳುಪು ಬಹಳ ಸಲ ಮಾಯವಾಗುತ್ತದೆ, ಆಮೇಲೆ ಮ್ಯಾಟ್ ಮತ್ತೆ ಹಚ್ಚಿ. ಡಿಕಾಲ್‌ಗಳ ಮೇಲೆ ಈಗ ವಾರ್ನಿಶ್ ಕೂತಿರುವುದರಿಂದ ಅಲ್ಲಿ ಭರವಸೆ ಕಡಿಮೆ. ಸೂಜಿಯಿಂದ ಚುಚ್ಚಿ ಮೈಕ್ರೋ ಸಾಲ್ ಬಿಟ್ಟರೆ ಸ್ವಲ್ಪ ಇಳಿಯಬಹುದು. ಕ್ಯಾನಪಿಗೆ ಒಂದು ಉಪಾಯವಿದೆ. ಸೂಪರ್‌ಗ್ಲೂ ಚಳಿಗೆ ಪೆಡಸಾಗುತ್ತದೆ. ವಿಮಾನವನ್ನು ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬೆಳಗ್ಗೆ ತೆಗೆದ ಕೂಡಲೇ ಕ್ಯಾನಪಿಯ ಅಂಚಿಗೆ ಬ್ಲೇಡ್ ತಾಗಿಸಿ ಮೆಲ್ಲಗೆ ತಿರುಚಿದರೆ ಟಕ್ ಎಂದು ಬಿಡುತ್ತದೆ. ಒಳಗಿನ ಬಿಳುಪನ್ನು 2000ರ ಪೇಪರ್, ನಂತರ ಕಾರಿನ ಪಾಲಿಶ್ ಹಾಕಿ ಉಜ್ಜಿ, ವಾರ್ನಿಶ್‌ನಲ್ಲಿ ಅದ್ದಿ ಮತ್ತೆ ಕೂರಿಸಿ.

ಭಾರತೀಯ ಗುರುತಿನ ಪ್ರಶ್ನೆಗೆ ಉತ್ತರ: ಈ ಕಿಟ್‌ಗೆ ಬೇಡ. ನಮ್ಮ ಸ್ಕ್ವಾಡ್ರನ್‌ಗಳಲ್ಲಿ ಮೊದಲು 8ನೆಯದಕ್ಕೆ 1944ರಲ್ಲಿ ಬಂದು ಬರ್ಮಾ ರಂಗದಲ್ಲಿ ಹಾರಿದ್ದು ಸ್ಪಿಟ್‌ಫೈರ್ ಮಾರ್ಕ್ 8. ಅದು ಹೆಸರಿಗೆ ಒಂದೇ ವಿಮಾನ, ಮೈಕಟ್ಟು ಬೇರೆ. ದೊಡ್ಡ ಮರ್ಲಿನ್ ಎಂಜಿನ್‌ಗಾಗಿ ಮೂಗು ಉದ್ದ, ಪ್ರೊಪೆಲ್ಲರ್‌ಗೆ ಮೂರರ ಬದಲು ನಾಲ್ಕು ಅಲಗು, ಎರಡೂ ರೆಕ್ಕೆಗಳಡಿ ಒಂದೇ ಗಾತ್ರದ ರೇಡಿಯೇಟರ್ ಪೆಟ್ಟಿಗೆ, ಒಳಗೆ ಮಡಚಿಕೊಳ್ಳುವ ಬಾಲದ ಚಕ್ರ. ಮಾರ್ಕ್ 1ರ ಮೈಮೇಲೆ ಆ ಗುರುತು ಹಚ್ಚಿದರೆ ಗೊತ್ತಿರುವವರಿಗೆ ಮೊದಲ ನೋಟಕ್ಕೇ ತಪ್ಪು ಕಾಣುತ್ತದೆ. ಆ ಸ್ಕ್ವಾಡ್ರನ್ನಿನ ವಿಮಾನ ಮಾಡುವ ಆಸೆ ಒಳ್ಳೆಯ ಆಸೆ, ಅದಕ್ಕೆ ಮಾರ್ಕ್ 8ರ ಕಿಟ್ಟನ್ನೇ ತನ್ನಿ. ಕೊಳ್ಳುವಾಗ ಮಾರ್ಕ್ 9ರ ಪೆಟ್ಟಿಗೆ ಕೈಗೆ ಬಂದೀತು, ಎರಡೂ ಅವಳಿಗಳಂತಿವೆ. ಬಾಲದ ಚಕ್ರಕ್ಕೆ ಎರಡು ಪುಟ್ಟ ಬಾಗಿಲುಗಳಿವೆಯೇ ಎಂದು ನೋಡಿದರೆ ಮಾರ್ಕ್ 8 ಗುರುತು ಸಿಗುತ್ತದೆ. ಡಿಕಾಲ್ ಹಾಳೆಯಲ್ಲಿ ರೌಂಡೆಲ್‌ನ (ವಾಯುಪಡೆಯ ದುಂಡನೆ ಗುರುತು) ನಡುವೆ ಕೆಂಪು ಚುಕ್ಕೆ ಇರಬಾರದು. ಜಪಾನಿ ವಿಮಾನಗಳ ಕೆಂಪು ಸೂರ್ಯನೆಂದು ತಪ್ಪು ತಿಳಿದು ಗುಂಡು ಹಾರಿಸಿಯಾರೆಂದು ಆ ರಂಗದಲ್ಲಿ ಕೆಂಪನ್ನೇ ತೆಗೆದು, ಕಡುನೀಲಿ ವೃತ್ತದೊಳಗೆ ತಿಳಿನೀಲಿ ಚುಕ್ಕೆ ಇಟ್ಟಿದ್ದರು.